ಗ್ಲಿಸರಿನ್ ಕಣ್ಣು, ಕಟ್ಟಿದ ಗಂಟಲು, ಸೋಫಾ ಕತ್ತು: ಧಾರಾವಾಹಿ ಮಾಡೋರ, ನೋಡೋರ ಆರೋಗ್ಯದ ಮಾತು

ಪದ್ಮನಾಭನಗರದ ಅಕ್ಕ

ಎಲ್ಲರಿಗೂ ನಮಸ್ಕಾರ. ಈ ವಾರ ನಮ್ಮ ಹರಟೆಯೆಲ್ಲ ಒಂದೇ ಕಡೆ ಸುತ್ತುತ್ತಿದೆ. ನಾಯಕಿ ಹದಿನೈದು ದಿನದಿಂದ ಅಳ್ತಾನೇ ಇದ್ದಾಳೆ, ಕಣ್ಣು ಕೆಂಡದ ಹಾಗಿದೆ. ಅತ್ತೆ ಪಾತ್ರದವರ ದನಿ ಒಡೆದಿದೆ. ಇನ್ನೊಬ್ಬರ ಹಣೆ ಮೇಲೆ ಬೊಟ್ಟಿನ ಜಾಗ ಬೆಳ್ಳಗೆ ಕಾಣ್ತಿದೆ. ಇತ್ತ ಮನೆಗಳಲ್ಲಿ ಸಂಜೆ ಏಳಕ್ಕೆ ಟಿವಿ ಮುಂದೆ ಕೂತು ಹತ್ತಕ್ಕೆ ಏಳೋ ಹಿರಿಯರಿಗೆ ಕತ್ತು ನೋವು, ಕಾಲು ಊತ. ಸೆಟ್‌ನಲ್ಲಿ ಕೆಲಸ ಮಾಡೋರು, ಡಾಕ್ಟ್ರುಗಳು, ಫಿಸಿಯೋ ಮಾಡೋರು ಎಲ್ಲ ಇಲ್ಲೇ ಇದ್ದೀರಿ. ಯಾಕೆ ಬರತ್ತೆ, ಏನು ಮಾಡ್ಬೇಕು, ಏನು ಮಾಡ್ಬಾರ್ದು ಅಂತ ಅಳತೆ ಸಮೇತ ಬರೀರಿ. ಇಂಥ ನಟಿಗೆ ಇಂಥ ಕಾಯಿಲೆಯಂತೆ ಅನ್ನೋ ಗಾಳಿಸುದ್ದಿ ಮಾತ್ರ ಬೇಡ. ಅವರ ಮೈ, ಅವರ ಕಾಯಿಲೆ ಅವರ ಸ್ವಂತದ್ದು.

ಮೇಕಪ್ ಪೆಟ್ಟಿಗೆ

ಅಕ್ಕ, ಕಣ್ಣೀರಿನಿಂದಲೇ ಶುರು ಮಾಡೋಣ. ಗ್ಲಿಸರಿನ್ನನ್ನ ಕಣ್ಣೊಳಗೆ ಬಿಡ್ತಾರೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ಬಿಡಬಾರದು. ಗ್ಲಿಸರಿನ್ ನೀರನ್ನ ಹೀರೋ ಪದಾರ್ಥ. ಕಣ್ಣಿನ ಮೇಲ್ಪದರಕ್ಕೆ ತಾಗಿದರೆ ಅಲ್ಲಿನ ತೇವವನ್ನೇ ಎಳೆಯತ್ತೆ, ಅದಕ್ಕೇ ಉರಿ. ಅದರ ನಿಜವಾದ ಉಪಯೋಗ ಬೇರೆ. ಅದು ಬೇಗ ಒಣಗಲ್ಲ, ಕೆನ್ನೆ ಮೇಲೆ ಹನಿ ಹನಿಯಾಗೇ ನಿಲ್ಲತ್ತೆ, ಲೈಟ್ ಬಿದ್ದರೆ ಹೊಳೆಯತ್ತೆ. ಹಾಗಾಗಿ ಕಣ್ಣಿನ ಹೊರಮೂಲೆಯ ಕೆಳಗೆ, ಚರ್ಮದ ಮೇಲೆ ಒಂದು ಹನಿ ಬಿಟ್ಟರೆ ಸಾಕು.

ಕಣ್ಣಿಂದಲೇ ನೀರು ಬರಬೇಕು ಅಂದ್ರೆ ಮೆಂಥಾಲ್ ಕಡ್ಡಿ ಇದೆ. ಲಿಪ್‌ಸ್ಟಿಕ್ ಥರ ಇರತ್ತೆ. ಕೆಳರೆಪ್ಪೆಯ ಕೂದಲಿಂದ ಸುಮಾರು 1 ಸೆಂ.ಮೀ. ಕೆಳಗೆ, ಅಕ್ಕಿಕಾಳಿನಷ್ಟು ತೆಳ್ಳಗೆ ಸವರಬೇಕು. ಅದರ ಆವಿಗೇ ನೀರು ಬರತ್ತೆ. ರೆಪ್ಪೆ ಅಂಚಿಗೆ ಹಚ್ಚಿದ್ರೆ ಬೆವರಿನ ಜೊತೆ ಒಳಗಿಳಿದು ಕಣ್ಣು ಬಿಡೋಕೇ ಆಗಲ್ಲ.

ತಪ್ಪಾಗೋದು ಮೂರು ಕಡೆ. ಒಂದು, ಕಾಂಟ್ಯಾಕ್ಟ್ ಲೆನ್ಸ್ ತೆಗೆಯದೆ ಹಚ್ಚೋದು. ಎರಡು, ಒಂದೇ ಬಾಟಲಿಗೆ ಹತ್ತು ಜನರ ಬೆರಳು ಅದ್ದೋದು. ಒಬ್ಬರಿಗೆ ಮದ್ರಾಸ್ ಐ ಇದ್ರೆ ಇಡೀ ಕುಟುಂಬದ ದೃಶ್ಯಕ್ಕೇ ಅಂಟಿಕೊಳ್ಳತ್ತೆ. ಚಿಕ್ಕ ಬಟ್ಟಲಿಗೆ ಒಂದಿಷ್ಟು ಸುರಿದುಕೊಂಡು, ಪ್ರತಿಯೊಬ್ಬರಿಗೂ ಹೊಸ ಹತ್ತಿಕಡ್ಡಿ ಬಳಸಬೇಕು. ಮೂರನೇದು ಡೈರೆಕ್ಷನ್ ಟೀಮ್ ಕೈಯಲ್ಲಿದೆ. ಹತ್ತು ಜನ ನಿಂತಿರೋ ವೈಡ್ ಶಾಟ್‌ನಲ್ಲಿ ಕಣ್ಣೀರು ಯಾರಿಗೂ ಕಾಣಲ್ಲ, ಕ್ಲೋಸಪ್‌ಗೆ ಮಾತ್ರ ಹಚ್ಚಿ. ಆ ನಟಿಯ ಕ್ಲೋಸಪ್‌ಗಳನ್ನೆಲ್ಲ ಒಟ್ಟಿಗೆ ತೆಗೆದುಬಿಟ್ಟರೆ ಎಂಟು ಸಲ ಹಚ್ಚೋದು ಎರಡಕ್ಕೆ ಇಳಿಯತ್ತೆ.

ವಿಜಯನಗರ ಕನ್ನಡಕ

ಮೇಲಿನ ಮಾತಿಗೆ ಕಣ್ಣಿನ ಕಡೆಯಿಂದ ಒಂದಿಷ್ಟು. ಹಚ್ಚಿದ್ದು ಒಳಗೆ ಹೋಗಿಬಿಟ್ಟರೆ ಉಜ್ಜಬಾರದು. ಸಲೈನ್ ಇದ್ದರೆ ಅದು, ಇಲ್ಲದಿದ್ದರೆ ಶುದ್ಧ ಕುಡಿಯುವ ನೀರು. ತಲೆ ಪಕ್ಕಕ್ಕೆ ಬಾಗಿಸಿ, ಮೂಗಿನ ಕಡೆಯಿಂದ ಹೊರಗಡೆಗೆ ಹರಿಯುವ ಹಾಗೆ ಐದು ನಿಮಿಷ ತೊಳೆಯಬೇಕು. ಆಮೇಲೂ ಬೆಳಕು ನೋಡೋಕಾಗ್ತಿಲ್ಲ, ದೃಷ್ಟಿ ಮಂಜು ಅಂದ್ರೆ ಅವತ್ತೇ ಕಣ್ಣಿನ ಡಾಕ್ಟ್ರು. ಚಾಮರಾಜಪೇಟೆಯ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆ ಇದೆ, ಇಂಥದ್ದಕ್ಕೆ ಹೋಗಲು ಹಿಂಜರಿಯಬೇಡಿ.

ದಿನವಿಡೀ ಲೈಟಿನ ಮುಂದೆ ನಿಲ್ಲೋರಿಗೆ, ರಾತ್ರಿಯೆಲ್ಲ ಮೊಬೈಲಲ್ಲಿ ಹಳೇ ಎಪಿಸೋಡ್ ನೋಡೋರಿಗೆ ಒಂದೇ ಕಾಯಿಲೆ, ಒಣಗಣ್ಣು. ಪರದೆಯನ್ನ ದಿಟ್ಟಿಸುವಾಗ ರೆಪ್ಪೆ ಬಡಿಯೋದು ಕಮ್ಮಿ ಆಗತ್ತೆ, ಕಣ್ಣೀರಿನ ಪದರ ಒಡೆಯತ್ತೆ. 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ವಸ್ತುವನ್ನ, 20 ಸೆಕೆಂಡ್ ನೋಡಿ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ 0.5% ಅಂತ ಬರೆದಿರೋ ಹನಿ ಔಷಧಿ ದಿನಕ್ಕೆ ಮೂರು ನಾಲ್ಕು ಸಲ ಹಾಕಬಹುದು, ಅದು ಬರೀ ಕೃತಕ ಕಣ್ಣೀರು. ಬಾಟಲಿ ತೆರೆದ ತಾರೀಖನ್ನ ಪೆನ್ನಲ್ಲಿ ಬರೆದಿಡಿ. ಹೆಚ್ಚಿನವನ್ನ ಒಂದು ತಿಂಗಳಾದ ಮೇಲೆ ಎಸೆಯಬೇಕು.

ಮೆಡಿಕಲ್ ಶಾಪಲ್ಲಿ "ಕೆಂಪಾಗಿದೆ, ಏನಾದ್ರೂ ಕೊಡಿ" ಅಂತ ಕೇಳಿದ್ರೆ ಸ್ಟಿರಾಯ್ಡ್ ಹನಿ ಕೈಗೆ ಬರೋ ಸಾಧ್ಯತೆ ಇದೆ. ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಗತ್ತೆ, ಅದಕ್ಕೇ ಜನ ಬಿಡಲ್ಲ. ತಿಂಗಳುಗಟ್ಟಲೆ ಹಾಕಿದ್ರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಜೊತೆಗೆ ಪೊರೆ. ಗ್ಲಾಕೋಮಾದಲ್ಲಿ ಕಳೆದುಕೊಂಡ ದೃಷ್ಟಿ ವಾಪಸ್ ಬರಲ್ಲ.

ಹನುಮಂತನಗರ ಸುಮ

ರೋಸ್ ವಾಟರ್ ಹಾಕಿದ್ರೆ ತಂಪಾಗತ್ತಲ್ವಾ? ಹರಳೆಣ್ಣೆ?

ವಿಜಯನಗರ ಕನ್ನಡಕ

ಎರಡೂ ಬೇಡ ಸುಮ. ಅಂಗಡಿಯ ರೋಸ್ ವಾಟರ್ ಕಣ್ಣಿಗೆ ಅಂತ ಕ್ರಿಮಿಶುದ್ಧ ಮಾಡಿದ್ದಲ್ಲ. ಅಡುಗೆಮನೆಯ ಹರಳೆಣ್ಣೆಯೂ ಅಷ್ಟೇ. ತಂಪು ಬೇಕಾದ್ರೆ ಕಣ್ಣು ಮುಚ್ಚಿ, ತಣ್ಣೀರಲ್ಲಿ ಅದ್ದಿ ಹಿಂಡಿದ ಒಗೆದ ಬಟ್ಟೆ ಹತ್ತು ನಿಮಿಷ ಇಟ್ಟುಕೊಳ್ಳಿ.

ಚರ್ಮದ ಡಾಕ್ಟ್ರು

ಅಕ್ಕ ಕೇಳಿದ ಬಿಳಿ ಕಲೆಗೆ ಬರುತ್ತೇನೆ. ಇದು ಧಾರಾವಾಹಿಯವರಿಗಷ್ಟೇ ಅಲ್ಲ, ಬೊಟ್ಟು ಇಡುವ ಪ್ರತಿ ಮನೆಗೂ ಸಂಬಂಧಿಸಿದ್ದು. ಸ್ಟಿಕ್ಕರ್ ಬೊಟ್ಟಿನ ಹಿಂದಿನ ಅಂಟಿನಲ್ಲಿ ಪ್ಯಾರಾ ಟರ್ಷರಿ ಬ್ಯುಟೈಲ್ ಫೀನಾಲ್ ಎಂಬ ರಾಸಾಯನಿಕ ಇರಬಹುದು. ಅದು ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನೇ ಕೊಲ್ಲುತ್ತದೆ. ಮೊದಲು ತುರಿಕೆ, ಆಮೇಲೆ ಬೊಟ್ಟಿನದೇ ಆಕಾರದಲ್ಲಿ ಬಿಳಿ ಮಚ್ಚೆ. ಕೆಲವರಿಗೆ ತುರಿಕೆಯೂ ಇಲ್ಲದೆ ನೇರವಾಗಿ ಬಿಳಿಯಾಗುತ್ತದೆ. ಬಿಳುಪಾಗುತ್ತಿದೆ ಎಂದು ಅದನ್ನು ಮುಚ್ಚಲು ಇನ್ನೂ ದೊಡ್ಡ ಬೊಟ್ಟು ಇಡುವುದೇ ದೊಡ್ಡ ತಪ್ಪು. ಮಚ್ಚೆ ಕಂಡ ದಿನವೇ ಸ್ಟಿಕ್ಕರ್ ನಿಲ್ಲಿಸಬೇಕು. ಬೇಗ ನಿಲ್ಲಿಸಿ ಚಿಕಿತ್ಸೆ ಪಡೆದರೆ ಬಣ್ಣ ತಿಂಗಳುಗಳಲ್ಲಿ ನಿಧಾನವಾಗಿ ಮರಳಬಹುದು, ತಡವಾದರೆ ಪೂರ್ತಿ ಬಾರದೆಯೂ ಹೋಗಬಹುದು.

ಎರಡನೆಯದು ಒಡವೆ. ಪೌರಾಣಿಕ ಧಾರಾವಾಹಿ, ಮದುವೆ ದೃಶ್ಯ, ದಸರಾ ವಿಶೇಷ ಎಂದರೆ ಕತ್ತಿನ ತುಂಬ ಗಿಲೀಟು. ಅದರಲ್ಲಿ ನಿಕ್ಕಲ್ ಇರುತ್ತದೆ, ಬೆವರು ಅದನ್ನು ಕರಗಿಸಿ ಚರ್ಮಕ್ಕೆ ಇಳಿಸುತ್ತದೆ. ಕೆರೆತ, ನೀರ್ಗುಳ್ಳೆ ಅವತ್ತೇ ಬರುವುದಿಲ್ಲ; ಒಂದರಿಂದ ಮೂರು ದಿನ ಬಿಟ್ಟು ಬರುತ್ತದೆ. ಅದಕ್ಕೇ ಜನ ಒಡವೆಯನ್ನು ಬಿಟ್ಟು ಊಟವನ್ನು, ಸೋಪನ್ನು ಅನುಮಾನಿಸುತ್ತಾರೆ. ಮೈಗೆ ತಾಗುವ ಹಿಂಭಾಗಕ್ಕೆ ಬಣ್ಣವಿಲ್ಲದ ನೈಲ್ ಪಾಲಿಶ್ ಎರಡು ಕೋಟ್ ಬಳಿದು ಪೂರ್ತಿ ಒಣಗಿಸಿ ಹಾಕಿಕೊಳ್ಳಿ, ಸವೆದಾಗ ಮತ್ತೆ ಬಳಿಯಿರಿ. ಈಗಾಗಲೇ ಅಲರ್ಜಿ ಕಾಣಿಸಿಕೊಂಡವರಿಗೆ ಇದು ಒಂದು ದಿನದ ಉಪಾಯ ಅಷ್ಟೇ.

ಮೂರನೆಯದು ಗಡ್ಡ ಮೀಸೆ ಅಂಟಿಸುವ ಸ್ಪಿರಿಟ್ ಗಮ್. ಅದು ಮದ್ಯಸಾರದಲ್ಲಿ ಕರಗಿಸಿದ ರಾಳ. ರಾಳಕ್ಕೆ ಅಲರ್ಜಿ ಇರುವವರಿಗೆ ಮೇಲ್ತುಟಿ ಊದಿ ಕೆಂಪಾಗುತ್ತದೆ. ಶಾಟ್ ಮುಗಿದ ಕೂಡಲೆ ಮೀಸೆಯನ್ನು ಎಳೆದು ಕೀಳುವುದು ಅದಕ್ಕಿಂತ ಕೆಟ್ಟದ್ದು, ಚರ್ಮದ ಮೇಲ್ಪದರವೇ ಕಿತ್ತು ಬರುತ್ತದೆ. ರಿಮೂವರ್ ಅಥವಾ ಎಣ್ಣೆಯನ್ನು ಅಂಚಿಗೆ ಹಚ್ಚಿ ಎರಡು ನಿಮಿಷ ಬಿಟ್ಟು, ಒಂದು ಮೂಲೆಯಿಂದ ಉರುಳಿಸುತ್ತ ಬಿಡಿಸಬೇಕು.

ಹೊಸ ಫೌಂಡೇಷನ್, ಗಮ್, ಬಣ್ಣ ಯಾವುದೇ ಇರಲಿ, ಮುಂಗೈ ಒಳಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಸಲ, ಏಳು ದಿನ ಹಚ್ಚಿ ನೋಡಿ. ಐದನೇ ದಿನ ಕೆರೆತ ಬಂದರೂ ಅದು ಮುಖಕ್ಕೆ ಬೇಡ. ಆದರೆ ತಲೆಗೂದಲ ಡೈಗೆ ಈ ವಿಧಾನ ಬೇಡ, ಅದರ ಪೊಟ್ಟಣದಲ್ಲಿ ಹೇಳಿರುವಂತೆ ಒಮ್ಮೆ ಹಚ್ಚಿ 48 ಗಂಟೆ ಕಾಯಬೇಕು. ಯಾವುದರಿಂದ ಎಂದು ಗೊತ್ತೇ ಆಗದಿದ್ದರೆ ಚರ್ಮರೋಗ ವಿಭಾಗದಲ್ಲಿ ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಅನುಮಾನದ ಪದಾರ್ಥಗಳನ್ನು ಬೆನ್ನಿಗೆ ಅಂಟಿಸಿ 48 ಗಂಟೆ ಬಿಟ್ಟು ತೆಗೆದು ಒಮ್ಮೆ ನೋಡುತ್ತಾರೆ, ಮತ್ತೆರಡು ದಿನ ಬಿಟ್ಟು ಇನ್ನೊಮ್ಮೆ. ಆ ನಾಲ್ಕು ದಿನ ಬೆನ್ನಿಗೆ ನೀರು ಹಾಕುವಂತಿಲ್ಲ, ಹಾಗಾಗಿ ಬಿಡುವು ನೋಡಿಕೊಂಡು ಹೋಗಿ.

ಮೇಕಪ್ ಪೆಟ್ಟಿಗೆ

ಡಾಕ್ಟ್ರೇ, ಚೌರಿ ಬಗ್ಗೆಯೂ ಹೇಳಬೇಕಿತ್ತು. ಮೊಗ್ಗಿನ ಜಡೆ, ಜಡೆಬಿಲ್ಲೆ ಎಲ್ಲ ಸೇರಿ ತೂಗೋ ಜಡೆಯನ್ನ ಎಳೆದು ಬಿಗಿಯಾಗಿ ಕಟ್ಟಿದ್ರೆ ಕಣತಲೆಯ ಹತ್ತಿರ, ಹಣೆ ಅಂಚಲ್ಲಿ ಕೂದಲು ಹಿಂದೆ ಸರಿಯತ್ತೆ. ಕಟ್ಟಿದ ಹದಿನೈದು ನಿಮಿಷಕ್ಕೆ ತಲೆ ಸಿಡಿತಾ ಇದ್ರೆ, ಹುಬ್ಬು ಮೇಲೆ ಎಳೆದ ಹಾಗಿದ್ರೆ ಬಿಗಿ ಜಾಸ್ತಿ ಅಂತಲೇ ಅರ್ಥ. ಭಾರವನ್ನ ಒಂದೇ ಜುಟ್ಟಿಗೆ ಕೊಡಬಾರದು. ಕೆಳಗೊಂದು ಸಣ್ಣ ತುರುಬು ಕಟ್ಟಿ ಅದಕ್ಕೆ ಚೌರಿ ಪಿನ್ ಮಾಡಿದ್ರೆ ಎಳೆತ ಹಂಚಿಕೊಳ್ಳತ್ತೆ. ಊಟದ ಬಿಡುವಲ್ಲಿ ಬಿಲ್ಲೆ ಬಿಚ್ಚಿಡಿ.

ಚರ್ಮದ ಡಾಕ್ಟ್ರು

ನಿಜ. ಆ ಹಂತದಲ್ಲೇ ನಿಲ್ಲಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದರೆ ಕೂದಲಿನ ಬೇರೇ ಸತ್ತುಹೋಗುತ್ತದೆ. ಇನ್ನೊಂದು, ಲಂಗದ ಲಾಡಿ. ಸೊಂಟದ ಒಂದೇ ಗೆರೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಬಿಗಿದರೆ ಅಲ್ಲಿ ಕಪ್ಪಾಗಿ ದಪ್ಪವಾಗಿ ತುರಿಸುತ್ತದೆ. ಆ ಜಾಗದಲ್ಲಿ ಮಾಯದ ಹುಣ್ಣು ಇದ್ದರೆ ತೋರಿಸಲೇಬೇಕು, ಅಪರೂಪಕ್ಕೆ ಅದು ಚರ್ಮದ ಕ್ಯಾನ್ಸರ್ ಆಗಿ ತಿರುಗಿದ್ದು ನಮ್ಮ ದೇಶದಲ್ಲೇ ದಾಖಲಾಗಿದೆ. ಎರಡು ಇಂಚು ಅಗಲದ ಪಟ್ಟಿ ಇರುವ ಲಂಗ ಹೊಲಿಸಿಕೊಳ್ಳಿ.

ಕೆಂಗೇರಿ ಉಪನಗರ ನಂದಿನಿ

ಡಾಕ್ಟ್ರೇ, ನಾಯಕಿಯರ ಮುಖ ಅಷ್ಟು ಬೆಳ್ಳಗೆ ನುಣುಪಾಗಿ ಕಾಣಕ್ಕೆ ಯಾವ ಕ್ರೀಮ್ ಹಚ್ತಾರೆ? ಹುಡುಗೀರೆಲ್ಲ ಕೇಳ್ತಾರೆ.

ಚರ್ಮದ ಡಾಕ್ಟ್ರು

ಅದು ಕ್ರೀಮ್ ಅಲ್ಲ ನಂದಿನಿ. ಮೆತ್ತನೆಯ ಎಲ್‌ಇಡಿ ಬೆಳಕು, ಅದರ ಮುಂದೆ ಕಟ್ಟಿದ ಬಿಳಿ ಬಟ್ಟೆ, ಫೌಂಡೇಷನ್, ಕೊನೆಗೆ ಎಡಿಟಿಂಗ್‌ನಲ್ಲಿ ಮಾಡುವ ಬಣ್ಣದ ತಿದ್ದುಪಡಿ. ಅದೇ ನಟಿ ಮೇಕಪ್ ಇಲ್ಲದೆ ನಿಂತರೆ ಅವರ ಮುಖದಲ್ಲೂ ರಂಧ್ರ, ಮಚ್ಚೆ ಇರುತ್ತವೆ, ಎಲ್ಲರ ಹಾಗೆ.

ಮುಖ ಬೆಳ್ಳಗಾಗಲಿ ಎಂದು ಮಾರಾಟವಾಗುವ ಟ್ಯೂಬ್‌ಗಳ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದೆಯೇ ಓದಿ. ಇವು ಸ್ಟಿರಾಯ್ಡ್‌ಗಳು. ಎರಡು ವಾರ ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ರಕ್ತನಾಳ ಕಾಣುತ್ತವೆ, ಮೊಡವೆ, ಗಲ್ಲದಲ್ಲಿ ಕೂದಲು. ನಿಲ್ಲಿಸಿದರೆ ಮುಖ ಬೆಂಕಿ ಬಿದ್ದ ಹಾಗೆ ಉರಿಯುತ್ತದೆ, ಹಾಗಾಗಿ ಮತ್ತೆ ಹಚ್ಚುತ್ತಾರೆ. ಈಗಾಗಲೇ ತಿಂಗಳುಗಳಿಂದ ಹಚ್ಚುತ್ತಿರುವವರು ಏಕಾಏಕಿ ಬಿಡದೆ ಡಾಕ್ಟರ ಬಳಿ ಹೋಗಿ, ಇಳಿಸುತ್ತ ಬಿಡಿಸುತ್ತಾರೆ. ಪೊಟ್ಟಣದ ಮೇಲೆ ಪದಾರ್ಥಗಳ ಪಟ್ಟಿಯೇ ಇಲ್ಲದ ಡಬ್ಬಿಗಳಲ್ಲಿ ಪಾದರಸ ಇರಬಹುದು, ಅದು ಮೂತ್ರಪಿಂಡ ಹಾಳುಮಾಡುತ್ತದೆ. ಹಚ್ಚಲೇಬೇಕಾದದ್ದು ಎಂದರೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ತೋರುಬೆರಳು ಮಧ್ಯದ ಬೆರಳುಗಳ ಉದ್ದಕ್ಕೆ ಎರಡು ಗೆರೆಯಷ್ಟು.

ಸೌಂಡ್ ಪಾರ್ಟಿ

ಗಂಟಲಿನ ವಿಷಯ ನಾನು ಹೇಳ್ತೀನಿ. ಸೆಟ್ ಅಂದ್ರೆ ಬಹುಪಾಲು ಬಾಡಿಗೆ ಮನೆ, ರಾಜರಾಜೇಶ್ವರಿ ನಗರದ ಕಡೆಯೋ ಉತ್ತರಹಳ್ಳಿ ಕಡೆಯೋ. ಹೊರಗೆ ಜನರೇಟರ್, ಪಕ್ಕದ ಸೈಟಲ್ಲಿ ಟೈಲ್ಸ್ ಕಟಿಂಗ್. ಆ ಸದ್ದಿನ ಮೇಲೆ ತಮ್ಮ ದನಿ ಕೇಳಿಸಬೇಕು ಅಂತ ಕಲಾವಿದರು ಗೊತ್ತಿಲ್ಲದೇ ಎತ್ತರಿಸಿ ಮಾತಾಡ್ತಾರೆ. ಮೈಕ್ ಎದೆ ಮೇಲೇ ಇರತ್ತೆ, ಅಷ್ಟು ಕೂಗೋ ಅಗತ್ಯವೇ ಇಲ್ಲ. ಹೆಡ್‌ಫೋನ್‌ನಲ್ಲಿ ಒಮ್ಮೆ ಅವರ ದನಿ ಅವರಿಗೇ ಕೇಳಿಸಿ, ತಾವೇ ಇಳಿಸ್ತಾರೆ. ರಿಹರ್ಸಲ್ ಅರ್ಧ ದನಿಯಲ್ಲಿ ಮಾಡಿ. ಕಿರುಚೋ ದೃಶ್ಯವನ್ನ ಬೆಳಿಗ್ಗೆ ಮೊದಲ ಶಾಟ್‌ಗೆ ಇಡಬೇಡಿ, ಇಟ್ಟರೆ ಸಂಜೆಯ ಪ್ರೀತಿಯ ದೃಶ್ಯದಲ್ಲಿ ದನಿ ಗೊರಗೊರ ಅನ್ನತ್ತೆ.

ಗಂಟಲು ಕಟ್ಟಿದಾಗ ಪಿಸುಗುಟ್ಟಿದ್ರೆ ವಿಶ್ರಾಂತಿ ಅಂದ್ಕೋತಾರೆ. ಪಿಸುಮಾತಲ್ಲೂ ಸ್ವರತಂತು ಬಿಗಿಯಾಗತ್ತೆ. ಒಂದೋ ಪೂರ್ತಿ ಮೌನ, ಇಲ್ಲವೋ ಮೆಲ್ಲಗೆ ಸಹಜ ದನಿ. "ಖ್ಹಂ" ಅಂತ ಕೆಮ್ಮಿ ಗಂಟಲು ಸರಿಮಾಡ್ಕೊಳ್ಳೋದೂ ತಂತುಗಳನ್ನ ಒಂದಕ್ಕೊಂದು ಬಡಿದ ಹಾಗೆ. ಅದರ ಬದಲು ಒಂದು ಗುಟುಕು ನೀರು ನುಂಗಿ.

ಒಂದು ಒಳ್ಳೇ ವ್ಯಾಯಾಮ ಇದೆ. ಅರ್ಧ ಬಾಟಲಿ ನೀರಿಗೆ ಸ್ಟ್ರಾ ಒಂದಿಂಚು ಮುಳುಗಿಸಿ, "ಊ…" ಅಂತ ಗುನುಗ್ತಾ ಗುಳ್ಳೆ ಬಿಡಿ. ಒಂದೆರಡು ನಿಮಿಷ, ದಿನಕ್ಕೆ ನಾಲ್ಕೈದು ಸಲ. ನೀರಿನ ಎದುರೊತ್ತಡದಿಂದ ತಂತುಗಳು ಬಡಿದಾಡದೆ ಮೆತ್ತಗೆ ಕಂಪಿಸ್ತವೆ. ಕೆನ್ನೆ ಉಬ್ಬಿಸಿ ಊದಬಾರದು, ಗಂಟಲಲ್ಲಿ ನೋವಾದ್ರೆ ಸ್ಟ್ರಾ ತುಂಬ ಆಳ ಹೋಗಿದೆ ಅಂತ ಅರ್ಥ.

ಹನುಮಂತನಗರ ಸುಮ

ನೀಲಗಿರಿ ಎಣ್ಣೆ ಹಾಕಿ ಹಬೆ ತಗೊಂಡ್ರೆ? ಮೆಣಸು ಕಲ್ಲುಸಕ್ಕರೆ?

ಸೌಂಡ್ ಪಾರ್ಟಿ

ಬರೀ ನೀರಿನ ಹಬೆ ಸಾಕು ಸುಮಕ್ಕ, ಐದು ಹತ್ತು ನಿಮಿಷ. ನೀಲಗಿರಿ, ಅಮೃತಾಂಜನ ಎಲ್ಲ ಒಣಗಿಸಿ ಕೆರಳಿಸತ್ತೆ. ಕುದಿಯೋ ಪಾತ್ರೆಯನ್ನ ತೊಡೆ ಮೇಲಾಗಲಿ ಮಂಚದ ಮೇಲಾಗಲಿ ಇಡಬೇಡಿ, ಸುಟ್ಟ ಗಾಯ ಹೀಗೇ ಆಗೋದು. ಕಲ್ಲುಸಕ್ಕರೆ ಚೀಪಿದ್ರೆ ಜೊಲ್ಲು ಬಂದು ಹಾಯೆನಿಸತ್ತೆ, ತೊಂದರೆ ಇಲ್ಲ. ಸಕ್ಕರೆ ಕಾಯಿಲೆ ಇದ್ರೆ ಬೇಡ. ದನಿ ಒಡೆದು ಮೂರು ವಾರ ದಾಟಿದ್ರೆ ಮನೆಮದ್ದು ನಿಲ್ಲಿಸಿ ಕಿವಿ ಮೂಗು ಗಂಟಲಿನ ಡಾಕ್ಟ್ರ ಹತ್ರ ಸ್ವರಪೆಟ್ಟಿಗೆ ನೋಡಿಸಬೇಕು. ಬೀಡಿ ಸಿಗರೇಟು ಇರೋರು ಒಂದು ದಿನವೂ ಮುಂದೂಡಬಾರದು.

ಜಯನಗರ ಫಿಸಿಷಿಯನ್

ಬೆಳಿಗ್ಗೆ ಎದ್ದ ತಕ್ಷಣ ದನಿ ಹೆಚ್ಚು ಒಡೆದಿದ್ದು ಮಧ್ಯಾಹ್ನಕ್ಕೆ ಸರಿಹೋದರೆ ಹೊಟ್ಟೆಯ ಆಮ್ಲವನ್ನೂ ಅನುಮಾನಿಸಿ. ಪ್ಯಾಕಪ್ ಆಗಿ ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಹನ್ನೊಂದೂವರೆಗೆ ಮಲಗಿದರೆ ಅದು ಗಂಟಲಿನವರೆಗೆ ಏರುತ್ತದೆ. ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಅಂತರ ಬೇಕು. ತಲೆ ಕಡೆಯ ಮಂಚದ ಕಾಲಿಗೆ ಆರು ಇಂಚಿನ ಮರದ ತುಂಡು ಕೊಡಿ. ಎರಡು ದಿಂಬು ಇಟ್ಟರೆ ಹೊಟ್ಟೆ ಮಡಚಿ ಇನ್ನೂ ಕೆಡುತ್ತದೆ. ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆಯನ್ನು ತಿಂಡಿಗೆ ಅರ್ಧ ಗಂಟೆ ಮೊದಲು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಪೂರ್ತಿ ಕೆಲಸ ಮಾಡುತ್ತದೆ. ಉರಿ ಬಂದಮೇಲೆ ನುಂಗುವವರೇ ಹೆಚ್ಚು. ವರ್ಷಗಟ್ಟಲೆ ಸ್ವಂತವಾಗಿ ನುಂಗುವ ಮಾತ್ರೆಯೂ ಅದಲ್ಲ.

ಪ್ರೊಡಕ್ಷನ್ ಹುಡುಗಿ

ಯಾರೂ ಬಾಯಿಬಿಟ್ಟು ಹೇಳದ ತೊಂದರೆ ಒಂದಿದೆ, ಉರಿಮೂತ್ರ. ದೊಡ್ಡ ಕಲಾವಿದರಿಗೆ ಕ್ಯಾರವಾನ್ ಇರಬಹುದು. ಜೂನಿಯರ್ ಆರ್ಟಿಸ್ಟ್, ಕಾಸ್ಟ್ಯೂಮ್, ಹೇರ್ ನೋಡೋ ಹೆಣ್ಮಕ್ಕಳಿಗೆ ಹೊರಾಂಗಣದಲ್ಲಿ ಶೌಚಾಲಯವೇ ಇರಲ್ಲ. ಹಾಗಾಗಿ ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ. ಸೀರೆಗೆ ಹಾಕಿದ ಪಿನ್‌ಗಳನ್ನೆಲ್ಲ ಬಿಚ್ಚಿ ಮತ್ತೆ ಉಡೋಕೆ ಅರ್ಧ ಗಂಟೆ ಬೇಕು, ಅದಕ್ಕೆ ಹೆದರಿ ನಾಯಕಿಯೂ ತಡ್ಕೋತಾರೆ.

ಸೆಟ್ ಕಡೆಯಿಂದ ಮಾಡಬಹುದಾದ್ದು ಇದೆ. ಲೊಕೇಶನ್ ಮನೆ ನೋಡುವಾಗಲೇ ಬಾತ್‌ರೂಮ್ ಎಷ್ಟು ಅಂತ ಎಣಿಸಿ, ಒಂದನ್ನ ಹೆಣ್ಮಕ್ಕಳಿಗೇ ಬಿಡಿ, ಒಳಚಿಲಕ ಸರಿ ಇದೆಯಾ ನೋಡಿ. ಹೊರಾಂಗಣಕ್ಕೆ ಮೊಬೈಲ್ ಟಾಯ್ಲೆಟ್ ಬಾಡಿಗೆಯನ್ನ ಊಟದ ಖರ್ಚಿನ ಥರವೇ ಬಜೆಟ್‌ನಲ್ಲಿ ಬರೀರಿ. ಉದ್ದನೆಯ ಮದುವೆ ದೃಶ್ಯಕ್ಕೆ ನೆರಿಗೆ ಹೊಲಿದು ಸೊಂಟಕ್ಕೆ ಹುಕ್ ಇಟ್ಟ ರೆಡಿಮೇಡ್ ಸೀರೆ ಮಾಡಿಸಿ, ಎರಡು ನಿಮಿಷಕ್ಕೆ ಬಿಚ್ಚಬಹುದು. ಮೂರು ಗಂಟೆಗೊಮ್ಮೆ ಹತ್ತು ನಿಮಿಷದ ಬಿಡುವನ್ನ ಅಸಿಸ್ಟೆಂಟ್ ಡೈರೆಕ್ಟರ್ ಜೋರಾಗಿ ಎಲ್ಲರಿಗೂ ಕೂಗಿ ಹೇಳ್ಬೇಕು, ಒಬ್ಬೊಬ್ಬರೇ ಬಂದು ಕೇಳೋ ಹಾಗಿರಬಾರದು.

ಜಯನಗರ ಫಿಸಿಷಿಯನ್

ಇದನ್ನು ಬರೆದದ್ದು ಬಹಳ ಒಳ್ಳೆಯದಾಯಿತು. ಉರಿ, ಪದೇ ಪದೇ ಹೋಗಬೇಕೆನಿಸುವುದು, ಕೆಳಹೊಟ್ಟೆ ನೋವು ಇದ್ದರೆ ಮೂತ್ರ ಪರೀಕ್ಷೆ ಮಾಡಿಸಿ. ಮತ್ತೆ ಮತ್ತೆ ಬರುತ್ತಿದ್ದರೆ ಕಲ್ಚರ್, ಅಂದರೆ ಕ್ರಿಮಿಯನ್ನು ಬೆಳೆಸಿ ಗುರುತಿಸುವ ಪರೀಕ್ಷೆ, ಅದರ ಸಮೇತ. ಮಾದರಿಯನ್ನು ಮೊದಲ ಆಂಟಿಬಯಾಟಿಕ್ ಮಾತ್ರೆಗಿಂತ ಮುಂಚೆ ಕೊಡಬೇಕು, ಆಮೇಲೆ ಕೊಟ್ಟರೆ ಯಾವ ಕ್ರಿಮಿ ಎಂದು ತಿಳಿಯದೇ ಹೋಗಬಹುದು. ಮೊದಲ ಒಂದಿಷ್ಟು ಬಿಟ್ಟು ಮಧ್ಯದ ಧಾರೆಯನ್ನು ಹಿಡಿಯಿರಿ, ಎರಡು ಗಂಟೆಯೊಳಗೆ ಲ್ಯಾಬ್ ಸೇರಲಿ. ಚಳಿ ಜ್ವರ, ಪಕ್ಕೆಯ ಹಿಂದೆ ನೋವು, ವಾಂತಿ ಇದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಅವತ್ತೇ ಆಸ್ಪತ್ರೆ. ಗರ್ಭಿಣಿಯರು ಸಣ್ಣ ಉರಿಗೂ ಕಾಯಬಾರದು. ಬಾರ್ಲಿ ನೀರು ಕುಡಿಯಿರಿ, ಒಳ್ಳೆಯದೇ, ಆದರೆ ಅದು ಕ್ರಿಮಿ ಕೊಲ್ಲುವುದಿಲ್ಲ. ಮೂತ್ರದ ಬಣ್ಣ ತಿಳಿ ಹುಲ್ಲಿನ ಬಣ್ಣಕ್ಕಿಂತ ಗಾಢವಾಗಿದ್ದರೆ ನೀರು ಸಾಲದು.

ಬಸವನಗುಡಿ ಫಿಸಿಯೋ

ಮೊದಲು ಸೆಟ್‌ನವರ ಹಿಮ್ಮಡಿ. ನಮ್ಮ ಧಾರಾವಾಹಿಯಲ್ಲಿ ಮನೆಯೊಳಗಿನ ದೃಶ್ಯ ಅಂದ್ರೆ ಬರಿಗಾಲು, ಕೆಳಗೆ ಗ್ರಾನೈಟು. ಗಂಟೆಗಟ್ಟಲೆ ನಿಂತರೆ ಅಂಗಾಲಿನ ಪಟ್ಟಿ ಹಿಮ್ಮಡಿಗೆ ಸೇರೋ ಜಾಗದಲ್ಲಿ ಊತ. ಗುರುತು ಹಿಡಿಯೋದು ಸುಲಭ: ಬೆಳಿಗ್ಗೆ ಎದ್ದು ಇಡೋ ಮೊದಲ ಹೆಜ್ಜೆಗೆ ಮುಳ್ಳು ಚುಚ್ಚಿದ ಹಾಗೆ, ಹತ್ತು ಹೆಜ್ಜೆ ನಡೆದ್ರೆ ಕಮ್ಮಿ. ಮಂಚದಿಂದ ಇಳಿಯೋ ಮುಂಚೆಯೇ ಟವೆಲನ್ನ ಅಂಗಾಲಿನ ಮುಂಭಾಗಕ್ಕೆ ಸುತ್ತಿ, ಮಂಡಿ ನೆಟ್ಟಗಿಟ್ಟು ಎಳೆದುಕೊಳ್ಳಿ, 30 ಸೆಕೆಂಡ್, ಮೂರು ಸಲ. ರಾತ್ರಿ ಫ್ರೀಜರಲ್ಲಿ ಗಟ್ಟಿಯಾದ ನೀರಿನ ಬಾಟಲಿ ಮೇಲೆ ಅಂಗಾಲು ಉರುಳಿಸಿ, ಹತ್ತು ನಿಮಿಷ, ತೆಳು ಬಟ್ಟೆ ಸುತ್ತಿ. ಶಾಟ್‌ಗಳ ಮಧ್ಯೆ ದಪ್ಪ ಅಟ್ಟೆಯ ಚಪ್ಪಲಿ. ಕಾಲು ಕಾಣದ ಮಿಡ್ ಶಾಟ್, ಕ್ಲೋಸಪ್‌ಗಳಲ್ಲಿ ಚಪ್ಪಲಿ ಹಾಕ್ಕೊಂಡೇ ನಿಲ್ಲಬಹುದು, ಫ್ರೇಮ್ ಎಲ್ಲಿವರೆಗೆ ಅಂತ ಕ್ಯಾಮೆರಾದವರನ್ನ ಕೇಳಿ.

ಈಗ ನೋಡೋರು. ಫ್ಲ್ಯಾಟುಗಳಲ್ಲಿ ಟಿವಿಯನ್ನ ದೇವರ ಫೋಟೋ ಎತ್ತರಕ್ಕೆ ನೇತುಹಾಕಿರ್ತಾರೆ. ಮೂರು ಗಂಟೆ ಗದ್ದ ಎತ್ತಿ ನೋಡಿದ್ರೆ ಕತ್ತಿನ ಹಿಂದಿನ ಕೀಲು ಒತ್ತಿಕೊಳ್ಳತ್ತೆ. ಸೋಫಾದಲ್ಲಿ ಕೂತಾಗ ಕಣ್ಣಿನ ಮಟ್ಟಕ್ಕೆ ಪರದೆಯ ನಡುಭಾಗ ಬರಬೇಕು, ನೆಲದಿಂದ ಸುಮಾರು 40 ಇಂಚು. 43 ಇಂಚಿನ ಟಿವಿಗೆ ಐದೂವರೆಯಿಂದ ಒಂಬತ್ತು ಅಡಿ ದೂರ. ದಿವಾನದ ಮೇಲೆ ಅಡ್ಡಬಿದ್ದು ಒಂದೇ ಕೈ ತಲೆಗೆ ಕೊಟ್ಟು ನೋಡೋದು ಕತ್ತಿಗೆ ಎಲ್ಲಕ್ಕಿಂತ ಕೆಟ್ಟ ಭಂಗಿ.

ನಾನು ಎಲ್ಲರಿಗೂ ಒತ್ತಿ ಹೇಳೋದು ಜಾಹೀರಾತಿನ ಲೆಕ್ಕ. ನಮ್ಮ ದೇಶದ ನಿಯಮದ ಪ್ರಕಾರ ಚಾನೆಲ್ ಒಂದು ಗಂಟೆಗೆ 12 ನಿಮಿಷದವರೆಗೆ ಜಾಹೀರಾತು ಹಾಕಬಹುದು, ಹತ್ತು ನಿಮಿಷ ವ್ಯಾಪಾರದ್ದು, ಎರಡು ನಿಮಿಷ ಚಾನೆಲ್‌ನ ಸ್ವಂತದ್ದು. ಏಳರಿಂದ ಹತ್ತರವರೆಗೆ ನೋಡಿದ್ರೆ 36 ನಿಮಿಷದವರೆಗೆ! ಒಂದು ದೃಶ್ಯವೂ ತಪ್ಪದೆ ಅಷ್ಟು ಹೊತ್ತು ಮೈ ಆಡಿಸಬಹುದು. ಮೊದಲ ಬ್ರೇಕಿಗೆ ಎದ್ದು ಅಡುಗೆಮನೆಯಿಂದ ಬಾಲ್ಕನಿಗೆ ಓಡಾಟ. ಎರಡನೇದಕ್ಕೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸೋದು 15 ಸಲ. ಮೀನಖಂಡ ಹಿಂಡಿದಾಗ ಕೆಳಗೆ ನಿಂತ ರಕ್ತ ಮೇಲೇರತ್ತೆ, ಊತ ಇಳಿಯತ್ತೆ. ಮೂರನೇದಕ್ಕೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು 10 ಸಲ. ಮಂಡಿ ನೋವಿದ್ದವರು ಎತ್ತರದ ಕುರ್ಚಿ ತಗೊಳ್ಳಿ.

ಜಯನಗರ ಫಿಸಿಷಿಯನ್

ಊತದ ಬಗ್ಗೆ ಎಚ್ಚರ. ಎರಡೂ ಕಾಲಲ್ಲಿ ಸಂಜೆ ಬಂದು ಬೆಳಿಗ್ಗೆ ಇಳಿದರೆ ಕೂತದ್ದರಿಂದ ಇರಬಹುದು. ಅಮ್ಲೋಡಿಪಿನ್ ಎಂಬ ಬಿಪಿ ಮಾತ್ರೆಯಿಂದಲೂ ಬರುತ್ತದೆ, ಡಾಕ್ಟರಿಗೆ ಹೇಳಿ, ತಾವೇ ನಿಲ್ಲಿಸಬೇಡಿ. ಒಂದೇ ಕಾಲು ಊದಿ, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದನ್ನು ತಿಕ್ಕಬೇಡಿ, ಅವತ್ತೇ ತೋರಿಸಿ. ಊತದ ಜೊತೆ ಮಲಗಿದರೆ ಉಸಿರು ಕಟ್ಟುವುದು ಇದ್ದರೂ ಹಾಗೇ.

ಪದ್ಮನಾಭನಗರದ ಅಕ್ಕ

ಡಾಕ್ಟ್ರೇ, ಎದೆ ಹಿಡ್ಕೊಂಡು ಬೀಳೋ ದೃಶ್ಯ ವಾರಕ್ಕೊಂದು ಬರತ್ತೆ. ಅದರಲ್ಲಿ ತೋರಿಸೋದು ಎಷ್ಟು ಸರಿ?

ಜಯನಗರ ಫಿಸಿಷಿಯನ್

ಬಹಳ ಕಡಿಮೆ ಅಕ್ಕ. ಮಾನಿಟರ್‌ನಲ್ಲಿ ಗೆರೆ ನೆಟ್ಟಗಾದಾಗ ಕರೆಂಟ್ ಶಾಕ್ ಕೊಡುತ್ತಾರಲ್ಲ, ಅದು ತಪ್ಪು. ಶಾಕ್ ಇರುವುದು ಅಡ್ಡಾದಿಡ್ಡಿ ನಡುಗುತ್ತಿರುವ ಹೃದಯಕ್ಕೆ, ನೆಟ್ಟಗೆ ನಿಂತ ಗೆರೆಗೆ ಎದೆ ಒತ್ತುವುದು, ಅಡ್ರಿನಲಿನ್ ಚುಚ್ಚುಮದ್ದು. ಮೊಣಕೈ ಮಡಚಿ ಮೆತ್ತಗೆ ಒತ್ತುವುದನ್ನೂ ತೋರಿಸುತ್ತಾರೆ. ಜೊತೆ ನಟನ ಎದೆ ನಿಜವಾಗಿ ಒತ್ತಲಾಗದು, ಸರಿ, ಆದರೆ ನೋಡುವವರು ಅದನ್ನೇ ಕಲಿಯುತ್ತಾರೆ. ನಿಜವಾದ ಕ್ರಮ ಹೀಗೆ: ಕರೆದರೆ ಓಗೊಡುತ್ತಿಲ್ಲ, ಉಸಿರಿಲ್ಲ ಅಥವಾ ಗೊರಕೆಯಂತೆ ಎಲ್ಲೋ ಒಂದೊಂದು ಉಸಿರು ಎಂದರೆ 108ಕ್ಕೆ ಕರೆ ಮಾಡಿ ಸ್ಪೀಕರ್ ಹಾಕಿ. ಮಂಚದಿಂದ ಗಟ್ಟಿ ನೆಲಕ್ಕೆ ಇಳಿಸಿ. ಎದೆಮೂಳೆಯ ಕೆಳ ಅರ್ಧದ ಮೇಲೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ, ಮೊಣಕೈ ನೆಟ್ಟಗೆ. 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಎರಡು ನಿಮಿಷಕ್ಕೆ ಕೈ ಸೋಲುತ್ತದೆ, ಇನ್ನೊಬ್ಬರು ಮುಂದುವರಿಸಲಿ. ತರಬೇತಿ ಇಲ್ಲದವರು ಬಾಯಿಗೆ ಗಾಳಿ ಕೊಡದೆ ಒತ್ತುತ್ತಲೇ ಇದ್ದರೂ ಸಾಕು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ, ಕ್ವಿಜ್ ಕಾರ್ಯಕ್ರಮದ ಮೂಲಕ ಮನೆಯೊಳಗೆ ಬರುತ್ತಿದ್ದ ಮನುಷ್ಯ ಹೋದಂತಾಯಿತು. ಆಮೇಲೆ ಜಯದೇವ ಆಸ್ಪತ್ರೆಯಲ್ಲಿ ತಪಾಸಣೆಗೆ ಸಾಲುಗಟ್ಟಿದರು. 2023ರಲ್ಲಿ ಅವರ ಹೆಸರಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿತು: ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಇದನ್ನು ತಿಳಿಸಿ. ಎದೆನೋವು ಬಂದರೆ ಬೆಂಗಳೂರಿಗೆ ಕಾರು ಹೊರಡಿಸುವುದಲ್ಲ, ಮೊದಲು ಹತ್ತಿರದ ಇಸಿಜಿ. ತಂದೆ ಅಥವಾ ಅಣ್ಣ ತಮ್ಮಂದಿರಿಗೆ 55ರೊಳಗೆ, ತಾಯಿ ಅಥವಾ ಅಕ್ಕ ತಂಗಿಯರಿಗೆ 65ರೊಳಗೆ ಹೃದಯದ ಕಾಯಿಲೆ ಬಂದಿದ್ದರೆ ನೀವು ಬಿಪಿ, ಸಕ್ಕರೆ, ಕೊಲೆಸ್ಟ್ರಾಲನ್ನು ಬೇಗ ನೋಡಿಸಿಕೊಳ್ಳಬೇಕು.

ಕೆಂಗೇರಿ ಉಪನಗರ ನಂದಿನಿ

ಸಣ್ಣ ಕಾಣಬೇಕು ಅಂತ ಕೊಬ್ಬು ತೆಗೆಸೋ ಆಪರೇಷನ್ ಬಗ್ಗೆಯೂ ಹೇಳಿ. 2022ರ ಮೇನಲ್ಲಿ ನಮ್ಮೂರಲ್ಲೇ 21 ವರ್ಷದ ಕಿರುತೆರೆ ನಟಿ ಹಾಗೆ ಹೋಗಿಬಿಟ್ರು, ಇನ್ನೂ ಮನಸ್ಸಿಂದ ಹೋಗಿಲ್ಲ.

ಚರ್ಮದ ಡಾಕ್ಟ್ರು

ಲಿಪೊಸಕ್ಷನ್ ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ. ವ್ಯಾಯಾಮಕ್ಕೂ ಕರಗದ ಒಂದೊಂದು ಗಂಟಿನಂಥ ಕೊಬ್ಬಿಗೆ ಮಾತ್ರ. ಅಪಾಯಗಳೂ ನಿಜ. ಕೊಬ್ಬಿನ ಕಣ ರಕ್ತದಲ್ಲಿ ಸೇರಿ ಶ್ವಾಸಕೋಶ ಮುಚ್ಚುವುದು, ಶ್ವಾಸಕೋಶದಲ್ಲಿ ನೀರು ತುಂಬುವುದು. ಒಂದೇ ಸಲಕ್ಕೆ 5 ಲೀಟರ್‌ಗಿಂತ ಹೆಚ್ಚು ತೆಗೆದರೆ ರಾತ್ರಿ ಆಸ್ಪತ್ರೆಯಲ್ಲೇ ನಿಗಾ ಬೇಕು. ಹೋಗುವವರು ಇಷ್ಟು ಕೇಳಲೇಬೇಕು: ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಪದವಿ ಮಾಡಿದ್ದಾರಾ, ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು? ಅರಿವಳಿಕೆ ಡಾಕ್ಟರು ಕೊನೆಯವರೆಗೂ ಅಲ್ಲೇ ಇರುತ್ತಾರಾ? ಐಸಿಯು ಅದೇ ಕಟ್ಟಡದಲ್ಲಿದೆಯಾ? ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪಡೆದ ನೋಂದಣಿ ಪತ್ರ ಗೋಡೆ ಮೇಲಿದೆಯಾ? ಒಂದಕ್ಕೆ ತಡವರಿಸಿದರೂ ಎದ್ದು ಬನ್ನಿ. ಮನೆಯವರಿಗೆ ಹೇಳದೆ ಒಬ್ಬರೇ ಹೋಗಬೇಡಿ.

ಪ್ರೊಡಕ್ಷನ್ ಹುಡುಗಿ

ಇನ್ನೊಂದು ಮಾತು. ಖಳನಾಯಕಿ ಪಾತ್ರ ಮಾಡೋರಿಗೆ ಅವರ ಫೋಟೋ ಕೆಳಗೆ ಬಾಯಿಗೆ ಬಂದ ಹಾಗೆ ಬೈದು ಬರೀತಾರೆ. ಗುರುವಾರ ಟಿಆರ್‌ಪಿ ಬಂದಾಗ ಒಂದು ಒತ್ತಡ, ಕಥೆಯ ಟ್ರ್ಯಾಕ್ ಬದಲಾಗಿ ಪಾತ್ರವೇ ಹೋದರೆ ಇನ್ನೊಂದು. ಎರಡು ವಾರ ನಿದ್ದೆ ಬರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ ಅಂದ್ರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಉಚಿತ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೆ ಮಾರ್ಗದರ್ಶನ ನಮ್ಮ ನಿಮ್ಹಾನ್ಸ್‌ದು.

ಪದ್ಮನಾಭನಗರದ ಅಕ್ಕ

ತುಂಬ ಉಪಕಾರವಾಯ್ತು ಎಲ್ಲರಿಂದ. ಡಾಕ್ಟ್ರೇ, ಬೊಟ್ಟಿನದ್ದು ಒಂದು ಉಳೀತು. ಒಂದು ದಿನವೂ ಬರಿಹಣೆಯಲ್ಲಿ ಇರಲ್ಲ ಅನ್ನೋ ಹಿರಿಯರಿಗೆ ಸ್ಟಿಕ್ಕರ್ ಬಿಡಿಸಿ ಏನು ಕೊಡೋದು?

ಚರ್ಮದ ಡಾಕ್ಟ್ರು

ಬಿಳಿ ಮಚ್ಚೆ ಇರುವ ಜಾಗಕ್ಕೆ ಸದ್ಯ ಏನನ್ನೂ ಹಚ್ಚದೆ, ಅದರ ಸ್ವಲ್ಪ ಮೇಲೆ, ಒಳ್ಳೆಯ ಚರ್ಮದ ಮೇಲೆ ಇಡಲಿ. ಅರಿಶಿನದಿಂದ ಮನೆಯಲ್ಲೇ ಮಾಡಿದ ಕುಂಕುಮ ಸಿಕ್ಕರೆ ಅದು. ತುಂಬ ಗಾಢ ಗುಲಾಬಿ, ನೀರಿಗೆ ಹಾಕಿದರೆ ಬಣ್ಣ ಬಿಡುವ ಪುಡಿ ಬೇಡ, ಅದರಲ್ಲಿ ಬಣ್ಣದ ರಾಸಾಯನಿಕ ಇರುತ್ತದೆ. ಯಾವುದೇ ಆದರೂ ಮೊದಲು ಏಳು ದಿನ ಮುಂಗೈ ಮೇಲೆ ಹಚ್ಚಿ ನೋಡಿ. ಸರಿಹೋದರೆ ಹಣೆಗೆ ವ್ಯಾಸಲಿನ್ ಸಾಸಿವೆಯಷ್ಟು ಸವರಿ ಅದರ ಮೇಲೆ ಕುಂಕುಮ, ರಾತ್ರಿ ಮಲಗುವ ಮುಂಚೆ ತೊಳೆದುಬಿಡಲಿ. ಮಚ್ಚೆಯ ಫೋಟೋವನ್ನು ಅದೇ ಕಿಟಕಿಯ ಬೆಳಕಿನಲ್ಲಿ ತಿಂಗಳಿಗೊಮ್ಮೆ ತೆಗೆದಿಡಿ. ಅಂಚಿನಿಂದ ಸಣ್ಣ ಸಣ್ಣ ಕಂದು ಚುಕ್ಕೆ ಮೂಡುತ್ತಿದ್ದರೆ ಬಣ್ಣ ಮರಳುತ್ತಿದೆ.